ಬೀಜದ ಪೆಟ್ಟಿಗೆಯ ಬೀಗ

ಅತ್ತೆ,

ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ, ಪುಟ್ಟಿ ಎದ್ದ ಮೇಲೆ ಕುಡಿಸಿ. ಕರುವನ್ನು ಗಟ್ಟಿಯಾಗಿ ಕಟ್ಟಿ, ನಿನ್ನೆಯಂತೆ ಸೊಪ್ಪಿನ ಮಡಿಗೆ ನುಗ್ಗೀತು.

ನನ್ನ ಬಸಿರು ತಡೆಯುವ ಮಾತ್ರೆ ಕೊಟ್ಟುಬಿಡಿ, ಕೈ ಮುಗಿಯುತ್ತೇನೆ. ಮನೆಯೆಲ್ಲ ಜಾಲಾಡಿದೆ. ಉಳಿದದ್ದು ಬಿತ್ತನೆ ಬೀಜದ ಪೆಟ್ಟಿಗೆಯೊಂದೇ, ಅದರ ಬೀಗದ ಕೈ ನಿಮ್ಮ ಸೊಂಟದಲ್ಲಿದೆ. ನರ್ಸಕ್ಕನ ಹತ್ತಿರ ಬೇರೆ ತರಬಹುದು. ಅದನ್ನೂ ಬಚ್ಚಿಟ್ಟರೆ ಯಾರ ಕಾಲು ಹಿಡಿಯಲಿ?

'ಅದನ್ನ ನುಂಗಿದ್ರೆ ಗರ್ಭ ಬಂಜರಾಗುತ್ತೆ ಕಣೇ' ಅನ್ನುತ್ತೀರಿ. ಇಲ್ಲ ಅತ್ತೆ. ಮಾತ್ರೆ ಬಿಟ್ಟ ಕೆಲವು ತಿಂಗಳಲ್ಲಿ ಮತ್ತೆ ಬಸಿರಾಗಬಹುದು ಎಂದು ಡಾಕ್ಟರಮ್ಮ ನಿಮ್ಮೆದುರೇ ಹೇಳಲಿಲ್ಲವೇ? ಕೆರೆ ಪಕ್ಕದ ಹೊಲವನ್ನು ನೀವೇ ಒಂದು ವರ್ಷ ಬೀಳು ಬಿಟ್ಟಿರಿ. ಮರುವರ್ಷ ಅದು ಬೆಳೆ ಕೊಡದೆ ಹೋಯಿತೇ? ಇನ್ನೊಂದು ಮಗು ಹೆತ್ತುಕೊಡುತ್ತೇನೆ, ಮೊದಲು ಈ ಮೈಗೆ ರಕ್ತ ತುಂಬಲಿ.

ನಾಳೆ ಇವರು ಲಾರಿ ಇಳಿದು ಮನೆಗೆ ಬರುತ್ತಾರೆ. ಮಾತ್ರೆಯಿಲ್ಲದೆ ಅವರ ಪಕ್ಕ ಹೇಗೆ ಮಲಗಲಿ? ಪುಟ್ಟಿಯನ್ನು ಹೆತ್ತ ದಿನ ರಕ್ತ ನಿಲ್ಲದಾಗ ನನ್ನ ಕೈ ಹಿಡಿದು, 'ನಂಗ್ಯಾವ ಮೊಮ್ಮಕ್ಕಳೂ ಬೇಡ, ನೀನೊಬ್ಬಳು ಉಳ್ಕೊ ತಾಯಿ' ಎಂದು ಅತ್ತವರು ನೀವೇ.

ಕಾರ್ಖಾನೆಯ ಗಾಡಿ ಬಂತು. ಸಂಜೆಯೊಳಗೆ ಪೆಟ್ಟಿಗೆಯ ಬೀಗ ತೆಗೆದಿಟ್ಟಿರಿ, ಸಾಕು. ನಾನೇ ತೆಗೆದುಕೊಳ್ಳುತ್ತೇನೆ, ಒಂದು ಮಾತೂ ಆಡುವುದಿಲ್ಲ.