ಕೆಂಪು ಸುತ್ತು ಹಾಕಿದ ‘ಬಟ್’

ಮಾನ್ವಿ
೧೪ ಡಿಸೆಂಬರ್ ೨೦೨೪, ಶನಿವಾರ

ಪ್ರೀತಿಯ ಅಂಬಿಕಾ,

ಹೇಗಿದ್ದೀಯಾ? ಇಪ್ಪತ್ಮೂರು ವರ್ಷ ತಡವಾಗಿ ಕೇಳುತ್ತಿದ್ದೇನೆ. ಕೆಲಸ ಹೆಚ್ಚಿತ್ತು, ವಿಳಾಸ ಕಳೆದಿತ್ತು ಎಂದೆಲ್ಲ ಬರೆದರೆ ನೀನು ನಂಬುವುದಿಲ್ಲ. ಧೈರ್ಯ ಇರಲಿಲ್ಲ, ಅಷ್ಟೇ. ನಮ್ಮ ಕಾಲೇಜಿಗೆ ದೇವದುರ್ಗದಿಂದ ದಿನಾ ಬಸ್ಸಿನಲ್ಲಿ ಬರುವ ಅನಿಲಕುಮಾರ ಸರ್ ನೀನು ಕಲಿಸುವ ಶಾಲೆಯ ಹತ್ತಿರವೇ ಮನೆ ಮಾಡಿದ್ದಾರೆ. ನಾನು ಪತ್ರ ಬರೆದರೆ ಓದುತ್ತೀಯಾ ಎಂದು ಅವರ ಕೈಲಿ ಕೇಳಿಸಿದ್ದೆ. ನಿನ್ನ ಉತ್ತರವನ್ನು ನಗುತ್ತಲೇ ಒಪ್ಪಿಸಿದರು: “ಓದ್ತಾರಂತ್ರಿ ಮೇಡಂ. ಆದ್ರ ಕೆಂಪು ಪೆನ್ನು ಹಿಡ್ಕೊಂಡು ಓದ್ತಾರಂತ. ಏನ್ರೀ ಅದು?”

ಏನೂ ಇಲ್ಲ ಎಂದೆ.

ಇಲ್ಲಿ ಎಲ್ಲರೂ ಆರೋಗ್ಯ. ಅವ್ವ ಈಗ ನಮ್ಮೂರು ಯಾಪಲದಿನ್ನಿ ಬಿಟ್ಟು ನನ್ನ ಜೊತೆಗಿದ್ದಾಳೆ. “ಆ ದೇವದುರ್ಗದ ಹುಡುಗಿ ಶೇಂಗಾ ಹಿಂಡಿ ತರ್ತಿದ್ಲಲ್ಲ, ಎಲ್ಲಿ ಅದಾಳ ಅಕಿ?” ಎಂದು ಆ ಚಟ್ನಿಪುಡಿ ನೆನೆದು ಇವತ್ತಿಗೂ ಕೇಳುತ್ತಾಳೆ. ಹೋದ ವಾರ ರಾಯಚೂರಿಗೆ ಹೋದಾಗ ನಮ್ಮ ಹಾಸ್ಟೆಲ್ ಇದ್ದ ಬೀದಿಯಲ್ಲಿ ಸುಮ್ಮನೆ ಆಟೋ ಇಳಿದೆ. ಜಿನ್ನಿಂಗ್ ಮಿಲ್ಲಿನ ಹತ್ತಿ ಹಾರಿ ಬಂದು ನಿನ್ನ ಜಡೆಯಲ್ಲಿ ಕೂರುತ್ತಿತ್ತಲ್ಲ, ಮಾಳಿಗೆಯ ಮೇಲೆ ಅದನ್ನು ಬಿಡಿಸುತ್ತ ನಾನು ಕವಿತೆ ಓದುತ್ತಿದ್ದೆ. ನೀನು ಎಂದೂ ಅರ್ಥ ಕೇಳಲಿಲ್ಲ. “ಇನ್ನೊಮ್ಮೆ ಓದು ಬೇ” ಎನ್ನುತ್ತಿದ್ದೆ. ಹಾಗೆ ಕೇಳುವವರು ನನಗೆ ಮತ್ತೆ ಸಿಗಲಿಲ್ಲ. ಈಗ ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ.

ಬುಧವಾರ ನನ್ನ ಇಂಗ್ಲಿಷ್ ಕ್ಲಾಸಿನಲ್ಲಿ ಆಲ್ದೋ, ಡಿಸ್ಪೈಟ್ ಪಾಠ. ಹಾಸ್ಟೆಲಿನಲ್ಲಿ ನಿನಗೆ ಹೇಳಿಕೊಟ್ಟಂತೆಯೇ ಹೇಳಿದೆ: ನಮ್ಮ ‘ಆದರೂ’ ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ. ಆಲ್ದೋ ನಂತರ ಕ್ರಿಯಾಪದವಿರುವ ವಾಕ್ಯ ಬೇಕು. ಡಿಸ್ಪೈಟ್‌ಗೆ ‘ದ ರೇನ್’ ಎಂಬಂಥ ನಾಮಪದ ಸಾಕು, ಅದಕ್ಕೆ ‘ಆಫ್’ ಅಂಟಿಸಬಾರದು. ಇನ್ನು ಆಲ್ದೋ ಎಂದು ಶುರು ಮಾಡಿದ ಮೇಲೆ ನಡುವೆ ‘ಬಟ್’ ಬೇಡ. ಒಂದೇ ಸಾಕು.

ಮುಂದಿನ ಬೆಂಚಿನ ಪ್ರಿಯದರ್ಶಿನಿ ಎದ್ದು ನಿಂತಳು. “ಯಾಕ್ ಬ್ಯಾಡ್ರಿ ಮೇಡಂ? ನಮ್ಮವ್ವ ನನಗ ಬೈತಾಳ್ರಿ. ಬೈದು ಮತ್ತ ಉಣ್ಣಾಕ ಕರೀತಾಳ್ರಿ. ಬೈದದ್ದಕ್ಕೊಂದು, ಕರದದ್ದಕ್ಕೊಂದು, ಎರಡೂ ಬೇಕಲ್ರಿ?”

“ನಿಮ್ಮವ್ವ ಇಂಗ್ಲಿಷಿನ್ಯಾಗ ಬೈತಾಳೇನ ಬೇ?” ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಿಯಮ ಅಂದರೆ ನಿಯಮ ಎಂದು ಅವಳನ್ನು ಕೂರಿಸಿದೆ. ಆದರೆ ತಪ್ಪು ತೋರಿಸಲೆಂದು ಹಲಗೆಯ ಮೇಲೆ ಬರೆದಿದ್ದ ಬಟ್ ಅಳಿಸಲು ನನ್ನಿಂದ ಆಗಲಿಲ್ಲ. ಗಂಟೆ ಹೊಡೆಯುವವರೆಗೂ ಅದು ಅಲ್ಲೇ ಇತ್ತು.

ಜನವರಿಯ ಮೊದಲ ಭಾನುವಾರ, ಸಿರವಾರದ ಮೇಲೆ ಹೋಗುವ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಬರಲೇ? ಹೂಂ ಆದರೂ ಸರಿ, ಊಹೂಂ ಆದರೂ ಸರಿ, ಅನಿಲಕುಮಾರ ಸರ್ ಕೈಲಿ ಹೇಳಿ ಕಳಿಸು.

ನಿನ್ನ ಮನೆಯವರಿಗೆ, ಮಕ್ಕಳಿಗೆ ಒಳಿತಾಗಲಿ. ನಿನ್ನ ಶಾಲೆಯ ಮಕ್ಕಳು ತಪ್ಪಿಗೆ ಹೆದರದೆ ಬರೆಯುವಂತಾಗಲಿ.

ನಿನ್ನ
ವಿಶಾಖಾ

ತಾ.ಕ.: ನಿನ್ನ ಮದುವೆಯ ದಿನ ನನಗೆ ಸಂದರ್ಶನವಿತ್ತು ಎಂದದ್ದು ಸುಳ್ಳು. ನಿನ್ನನ್ನು ಕಳಿಸಿಕೊಟ್ಟು ನಮ್ಮ ಹಾಸ್ಟೆಲ್ ಕೋಣೆಗೆ ಒಬ್ಬಳೇ ಮರಳುವುದು ನನ್ನಿಂದ ಆಗುತ್ತಿರಲಿಲ್ಲ. ಆಮೇಲೆ ನೀನು, ನನಗೆ ಖುಷಿಯಾಗಲೆಂದು, ಮೊದಲ ಸಲ ಇಂಗ್ಲಿಷಿನಲ್ಲಿ ಬರೆದೆ: ‘ಆಲ್ದೋ ಯು ಡಿಡ್ ನಾಟ್ ಕಮ್, ಬಟ್ ಐ ಕೆಪ್ಟ್ ಯುವರ್ ಪ್ಲೇಟ್.’ ನಾನು ಬಟ್‌ಗೆ ಕೆಂಪು ಸುತ್ತು ಹಾಕಿ, ‘ಒಂದೇ ಸಾಕು’ ಎಂದು ಬರೆದು, ನಿನ್ನ ಪತ್ರವನ್ನು ನಿನಗೇ ತಿರುಗಿ ಕಳಿಸಿದೆ. ಬಾರದವಳಿಗೂ ನೀನು ತಾಟು ಹಾಕಿ ಕಾದಿದ್ದೆ. ನನಗೆ ಬಟ್ ಕಂಡಿತು, ತಾಟು ಕಾಣಲಿಲ್ಲ.

ಈಗ ಅದೇ ತಪ್ಪನ್ನು ಕನ್ನಡದಲ್ಲಿ ಮಾಡುತ್ತೇನೆ: ನಿನ್ನಿಂದ ಉತ್ತರ ಬಾರದಿದ್ದರೂ, ಆದರೆ ನಾನು ಬರುತ್ತೇನೆ. ಕೆಂಪು ಸುತ್ತು ಹಾಕಿ ಇಟ್ಟಿರು, ಬಂದು ನೋಡುತ್ತೇನೆ.