ಮುರುಗಮಲ್ಲದ ಬಸ್ಸಿನಲ್ಲಿ ನಿನ್ನ ಹೆಂಡತಿ

ಅಂಬಾಜಿದುರ್ಗ, ಚಿಂತಾಮಣಿ ತಾಲ್ಲೂಕು
16 ನವೆಂಬರ್ 2025, ಭಾನುವಾರ

ನನ್ನ ಕಂದ ಚಲಪತಿಗೆ, ನಿಮ್ಮಮ್ಮ ತಲೆ ಸವರಿ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪ? ಬೋರ್‌ವೆಲ್ ಗಾಡಿಯ ಧೂಳಿಗೆ ಹತ್ತಿದ್ದ ಕೆಮ್ಮು ಹೋಯಿತಾ? ರಾಯಪುರದ ಕಡೆ ಚಳಿ ಶುರುವಾಗಿದೆ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಕಿವಿಗೆ ಟವೆಲ್ ಸುತ್ತಿಕೊಳ್ಳದೆ ಗಾಡಿಯ ಹತ್ತಿರ ನಿಲ್ಲಬೇಡ. ಇಲ್ಲಿ ನಿಮ್ಮಪ್ಪನ ಮಂಡಿನೋವು ಒಂದು ಬಿಟ್ಟರೆ ಎಲ್ಲರೂ ಚೆನ್ನಾಗಿದ್ದೇವೆ. ಆ ಮಂಡಿನೋವೂ ಮೊಮ್ಮಗನ ತೊಟ್ಟಿಲು ತೂಗುವಾಗ ಇರುವುದಿಲ್ಲ, ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ತರೋಣ ಬನ್ನಿ ಅಂದಾಗ ಮಾತ್ರ ಬರುತ್ತದೆ. ನೀನು ನಾಮಕರಣಕ್ಕೆ ಬಂದಾಗ ನೋಡಿದ ಭಾನುಪ್ರಕಾಶನೇ ಬೇರೆ, ಈಗಿನವನೇ ಬೇರೆ. ಕೆಳಗೆ ಎರಡು ಹಲ್ಲು ಬಂದಿವೆ, ನಿಮ್ಮಪ್ಪನ ಮೀಸೆ ಹಿಡಿದರೆ ಬಿಡುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಿನಗೆ ಒಪ್ಪದ ಮಾತು ಬಂದ ಕೂಡಲೇ “ಅಮ್ಮಾ, ಸಿಗ್ನಲ್ ಇಲ್ಲ” ಅನ್ನುತ್ತೀಯ. ಕಾಗದವನ್ನು ಪೂರ್ತಿ ಓದಲೇಬೇಕು. ನೀನು ಒಂದನೇ ಕ್ಲಾಸಿನಲ್ಲಿ ತಿದ್ದಿದ ಅಕ್ಷರಗಳನ್ನೇ ಒಲೆಯ ಮುಂದೆ ಕೂತು ನಾನೂ ತಿದ್ದಿ ಕಲಿತವಳು. ತಪ್ಪಿದ್ದರೆ ನಿಮ್ಮ ಮೇಷ್ಟ್ರನ್ನು ಬೈದುಕೋ.

ಹೋದ ವಾರ ನೀನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ರಜೆ ಮುಗೀತು ಅಂತ ಹಾಲು ಕುಡಿಯೋ ಮಗೂನ ಬಿಟ್ಟು ಬಸ್ಸಲ್ಲಿ ಟಿಕೆಟ್ ಕೊಡಕ್ಕೆ ಹೋಗ್ತಾಳಲ್ಲಮ್ಮ! ಕಂಡಕ್ಟರ್ ಕೆಲಸ ಬಿಡು ಅಂತ ನೀನೇ ಹೇಳು. ನನ್ ಮಾತು ಕೇಳಲ್ಲ ಅವಳು, ನಿನ್ ಮಾತು ಮೀರಲ್ಲ” ಅಂದೆ. ಕವಿತಳನ್ನು ಕರೆದು ಕೇಳಿದರೆ ಅವಳೂ ಅದನ್ನೇ ಹೇಳಿದಳು: “ಅತ್ತಮ್ಮ, ನೀವು ಬಿಡು ಅಂದ್ರೆ ಬಿಡ್ತೀನಿ.” ಗಂಡಹೆಂಡತಿ ಸೇರಿ ನನ್ನ ತಲೆಯ ಮೇಲೆ ಹಾಕಿದಿರಿ. ನಾನು ಆಗ ಹುಳುವಿನ ಸೊಪ್ಪು ಕತ್ತರಿಸುತ್ತಾ ಕೂತೆ.

ಮುಚ್ಚಿಡುವುದಿಲ್ಲ, ಅವಳು ಡ್ಯೂಟಿಗೆ ಹೋದ ಮೊದಲ ವಾರ ಕಷ್ಟವಾಯಿತು. ಬಾಟಲಿ ಬಾಯಿಗಿಟ್ಟರೆ ಭಾನು ಉಗಿದು ಊರಿಗೆಲ್ಲ ಕೇಳುವಂತೆ ಅಳುತ್ತಿದ್ದ. ಒಂದು ಸಂಜೆ ಕವಿತ ಖಾಕಿ ಅಂಗಿಯ ಎದೆಯೆಲ್ಲ ಹಾಲಿನಲ್ಲಿ ನೆನೆದು ಬಂದವಳು ಬಟ್ಟೆ ಕೂಡ ಬದಲಾಯಿಸದೆ ಹೊಸಿಲಿನ ಮೇಲೇ ಕೂತು ಅವನನ್ನು ಎತ್ತಿಕೊಂಡಳು. ಕೂಸು ಕುಡಿಯಿತು, ತಾಯಿ ಅತ್ತಳು. ಈ ಕೆಲಸ ಯಾತಕ್ಕಪ್ಪ ಅಂತ ನನಗೂ ಅನ್ನಿಸಿತು. ಆಮೇಲೆ ರಾಗಿ ಸರಿ ಶುರು ಮಾಡಿದೆ. ಈಗ ಚಮಚ ನೋಡಿದರೆ ಕೈಕಾಲು ಬಡಿಯುತ್ತಾನೆ. ಸಂಜೆ ಅಮ್ಮ ಬಂದ ಮೇಲೆ ಅವನದೇ ರಾಜ್ಯ.

ಇನ್ನು ಮೊನ್ನೆ ಗುರುವಾರದ ವಿಷಯ. ಹೆರಿಗೆ ಕಷ್ಟವಾದಾಗ ಮುರುಗಮಲ್ಲದ ದರ್ಗಾದಲ್ಲಿ ಸಕ್ಕರೆಗೆ ಫಾತಿಹಾ ಓದಿಸಿ ಹಂಚುತ್ತೇನೆ ಅಂತ ಹರಕೆ ಹೊತ್ತಿದ್ದೆನಲ್ಲ, ಅದನ್ನು ತೀರಿಸಲು ನಿನ್ನ ಮುದ್ದಿನ ಮಗಳು ಹರಿತಳಿಗೆ ಒಂದು ದಿನ ಶಾಲೆ ಬಿಡಿಸಿ, ಭಾನುವನ್ನು ಎತ್ತಿಕೊಂಡು, ಚಿಂತಾಮಣಿಯಲ್ಲಿ ಬೇಕೆಂದೇ ಕವಿತಳ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ನಿನ್ನ ಹೆಂಡತಿ ಹಿಂದಿನಿಂದ “ಒಳಗೆ ನಡೀರಣ್ಣ, ಬಾಗಿಲಲ್ಲಿ ಏನ್ ಗಂಟು ಇಟ್ಟಿದ್ದೀರಾ” ಅಂತ ಜಬರಿಸುತ್ತಾ ಬರುತ್ತಿದ್ದಳು. ಮನೆಯಲ್ಲಿ ಇಷ್ಟು ದೊಡ್ಡ ಗಂಟಲು ನಾನು ಕೇಳಿಯೇ ಇಲ್ಲ ಕಣೋ! ನನ್ನ ಹತ್ತಿರ ನಿಂತು, “ಅತ್ತಮ್ಮ, ಆಧಾರ್” ಅಂದಳು. ಚೀಲದಲ್ಲಿ ಸಕ್ಕರೆ ಇದೆ, ಹೂವು ಇದೆ, ಕೂಸಿನ ಬಟ್ಟೆ, ಬಾಟಲಿ, ಗಿಲಕಿ ಎಲ್ಲ ಇದೆ, ಕಾರ್ಡ್ ಒಂದಿಲ್ಲ. “ಮನೇಲೈತೆ ಕಣೇ” ಅಂದೆ. “ಹಂಗಾದ್ರೆ ಫ್ರೀ ಇಲ್ಲ, ಟಿಕೆಟ್ ತಗೊಳ್ಳಿ.” “ಏನೇ, ನಾನ್ಯಾರು ಅಂತ ಗೊತ್ತಿಲ್ವಾ ನಿಂಗೆ?” “ಗೊತ್ತು. ಮನೇಲಿ ಅತ್ತಮ್ಮ, ಇಲ್ಲಿ ಪ್ಯಾಸೆಂಜರು.”

ಬಸ್ಸೆಲ್ಲಾ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಕೋಳಿಬುಟ್ಟಿಯ ಆಂಜಿನಮ್ಮ, “ಕೋಡಲಂಟೇ ಇಟ್ಲುಂಡಾಲಿ” ಅಂತ ತೆಲುಗಿನಲ್ಲಿ ಕೈ ಎತ್ತಿ ಹೊಗಳಿದಳು, ಸೊಸೆ ಅಂದರೆ ಹೀಗಿರಬೇಕಂತೆ. ನನ್ನ ಮುಖ ಬಿಸಿಯಾಗಿ ಹೋಯಿತು. ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟೆ. ಆಗ ನೋಡು, ಅಲ್ಲಿಯವರೆಗೂ ನಿದ್ದೆ ಬಂದವನಂತೆ ಕಿಟಕಿಗೆ ಒರಗಿದ್ದ ಒಬ್ಬ ಬಿಳಿ ಷರಟಿನವನು ಎದ್ದು, “ತಗೊಳ್ಳಮ್ಮ ತಾಯಿ, ಅತ್ತೇನೇ ಬಿಡದವಳು ನನ್ನ ಬಿಡ್ತೀಯಾ” ಅಂತ ತಾನೇ ಟಿಕೆಟ್ ತೆಗೆದುಕೊಂಡ! ಅಷ್ಟು ಹೊತ್ತಿಗೆ ನನ್ನ ಕೋಪ ಎಲ್ಲಿ ಹೋಯಿತೋ. “ನನ್ನ ಸೊಸೆ, ನಮ್ಮ ಚಲಪತಿ ಹೆಂಡತಿ” ಅಂತ ಹಿಂದಿನ ಸೀಟಿಗೂ ಮುಂದಿನ ಸೀಟಿಗೂ ಹೇಳಿದ್ದೇ ಹೇಳಿದ್ದು.

ಮುರುಗಮಲ್ಲದಲ್ಲಿ ಜನ ಇಳಿದ ಮೇಲೆ ಕವಿತ ಕೊನೆಯ ಸೀಟಿನಲ್ಲಿ ಕೂತು ಭಾನುವಿಗೆ ಹಾಲು ಕೊಟ್ಟಳು. ಡ್ರೈವರ್ ಗಂಗುಲಪ್ಪ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಹತ್ತಲು ಬಂದವರಿಗೆ, “ತಡೀರಪ್ಪ, ಒಳಗೆ ನಮ್ಮ ಸಾಹೇಬ್ರು ಊಟ ಮಾಡ್ತಾವ್ರೆ. ಗಾಡಿ ಎಲ್ಲಿಗೂ ಓಡೋಗಲ್ಲ” ಅನ್ನುತ್ತಿದ್ದ. ಒಬ್ಬರೂ ಗೊಣಗಲಿಲ್ಲ. ಸಾಹೇಬರು ತೇಗಿದ ಮೇಲೆ ನನ್ನ ಕೈಗೆ ಕೊಟ್ಟು, ಅಂಗಿ ಸರಿಮಾಡಿಕೊಂಡು, ವಿಷಲ್ ಹಾಕಿ ಹೋದಳು. ನಾವು ಸಕ್ಕರೆ ಓದಿಸಿ ಎಲ್ಲರಿಗೂ ಹಂಚಿದೆವು. ಹರಿತ ಜಿಲೇಬಿ ತಿಂದಳು, ಬಳೆ ಬೇಡ ಅಂತ ಹಟ ಮಾಡಿ ವಿಷಲ್ ಕೊಡಿಸಿಕೊಂಡಳು. ಅವತ್ತಿನಿಂದ ನಮಗೆ ಮನೆಯಲ್ಲಿ ಉಳಿಗಾಲವಿಲ್ಲ. ಟಿವಿ ರಿಮೋಟೇ ಟಿಕೆಟ್ ಮೆಷಿನ್ನು, ನಿಮ್ಮಪ್ಪ ಮಂಚದ ಮೇಲಿನ ಪ್ಯಾಸೆಂಜರು. “ಚಿಲ್ರೆ ಇಲ್ಲ ಅಂದ್ರೆ ಇಳೀರಿ ತಾತ” ಅಂತ ನೆನ್ನೆ ಅವರನ್ನು ಇಳಿಸಿಯೇಬಿಟ್ಟಳು. ನಿಮ್ಮಜ್ಜಿ ಕಾಲದಿಂದ ಈ ಮನೆಯಲ್ಲಿ ಅವರನ್ನು ಮಂಚದಿಂದ ಇಳಿಸಿದ ಹೆಂಗಸು ಇನ್ನೊಬ್ಬಳಿಲ್ಲ.

ಹೊತ್ತು ಹೊತ್ತಿಗೆ ಉಣ್ಣು, ಜೊತೆಯವರ ಹತ್ತಿರ ಜಗಳ ಬೇಡ. ನಿಮ್ಮಪ್ಪನ ಆಶೀರ್ವಾದ, ಹರಿತಳ ಮುತ್ತು, ಭಾನುವಿನ ಜೊಲ್ಲು ಎಲ್ಲವೂ ಈ ಕಾಗದದ ಮೇಲಿದೆ. ಮನೆದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ವರಲಕ್ಷ್ಮಮ್ಮ

ಇನ್ನೊಂದು ಮಾತು: ಈಗ ಕಾಗದ ಮಡಿಸುವಾಗ ಕವಿತ ಬಂದು ಬಾಗಿಲಿಗೆ ಒರಗಿ ನಿಂತಳು. “ಅತ್ತಮ್ಮ, ಅವರಿಗೆ ಏನಂತ ಬರೆದ್ರಿ? ನಾನು ಬಿಡ್ಲಾ, ಬೇಡ್ವಾ?” ಅಂತ ಕೇಳಿದಳು. “ಬೆಳಗ್ಗೆ ಫಸ್ಟ್ ಟ್ರಿಪ್ ನಿಂದೇ ಅಲ್ವೇನೇ? ಹೋಗು, ಯೂನಿಫಾರಂ ಇಸ್ತ್ರಿ ಮಾಡ್ಕೊಂಡು ಮಲಗು. ಕೂಸು ಎದ್ರೆ ನಾನು ನೋಡ್ಕೊತೀನಿ” ಅಂದೆ. ನೀನೇ ಹೇಳು ಅಂದಿದ್ದೆಯಲ್ಲ ಕಂದ, ಹೇಳಿದ್ದೇನೆ.