ಗಾಯಗೊಂಡವಳ ಸರದಿ

ಮಾರ್ಚ್ ೧೪, ಶನಿವಾರ

ಬೆಳಿಗ್ಗೆ ತಂಗಿ ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದಳು. ಕೇಳಿದರೆ, "ಸುಮ್ನೆ, ಪ್ರಾಕ್ಟೀಸು" ಅಂದಳು. ಹನ್ನೆರಡು ವರ್ಷಕ್ಕೇ ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳೆ.

ಮಧ್ಯಾಹ್ನ ಸಾಫ್ಟ್‌ಬಾಲ್ ಸೆಮಿಫೈನಲ್‌ನಲ್ಲಿ ಗೊತ್ತಾಯಿತು. ಮೊದಲ ಚೆಂಡಿಗೆ ಬ್ಯಾಟ್ ಬೀಸಿದವಳು ಬಲ ಮಣಿಕಟ್ಟು ಹಿಡಿದುಕೊಂಡು ಕುಕ್ಕರಿಸಿದಳು. ನಿನ್ನೆ ಅಭ್ಯಾಸದಲ್ಲಿ ಪೆಟ್ಟಾಗಿತ್ತಂತೆ. ತಂಡದಲ್ಲಿರುವುದೇ ಒಂಬತ್ತು ಹುಡುಗಿಯರು. ಬದಲಿಗೆ ಇಳಿಯುವವರಿಲ್ಲದೆ ಆಟ ಬಿಟ್ಟರೆ, ಗಾಯಗೊಂಡವಳ ಸರದಿ ಬಂದಾಗಲೆಲ್ಲ ತಂಡಕ್ಕೆ ಒಂದು ಔಟ್. ಮಕ್ಕಳ ಲೀಗಿನಲ್ಲೂ ಅದೇ ನಿಯಮ.

"ಬೀಸ್ಬೇಡ ಪುಟ್ಟಿ, ಸುಮ್ನೆ ನಿಂತ್ಕೋ. ಅವರ ಕಡೆ ಚೆಂಡೆಸೆಯೋ ಹುಡುಗಿ ಹೇಗೂ ಅಡ್ಡಾದಿಡ್ಡಿ ಎಸೀತಾಳೆ, ನಾಲ್ಕು ತಪ್ಪು ಚೆಂಡಾದ್ರೆ ನಡ್ಕೊಂಡೇ ಬೇಸ್‌ಗೆ ಹೋಗ್ಬಹುದು" ಅಂದರು ಕೋಚ್. ಕೆಟ್ಟವರೇನಲ್ಲ; ಆಮೇಲೆ ಐಸ್ ತಂದು ಕಟ್ಟಿದ್ದೂ ಅವರೇ. ತಂಗಿ ನಿಂತಳು, ನಡೆದೇ ಹೋದಳು. ಒಂದು ರನ್ನಿನಿಂದ ಗೆದ್ದೆವು. ಗೆಳತಿಯರು ಅವಳನ್ನು ಎತ್ತಿ ಕುಣಿಸಿದರು. ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ.

ಈಗ ಪಕ್ಕದಲ್ಲೇ ಮಲಗಿದ್ದಾಳೆ. ಮಣಿಕಟ್ಟು ಬನ್ನಿನ ಹಾಗೆ ಊದಿದೆ.

"ಅಕ್ಕಾ, ಅಮ್ಮಂಗೆ ಹೇಳಿದ್ರೆ ನಿನ್ ಜೊತೆ ಟೂ. ನಾಳೆ ಫೈನಲ್‌ಗೆ ನಾನಿಲ್ದೆ ಸೋತ್ರೆ, ಎಲ್ರೂ ನನ್ನಿಂದ್ಲೇ ಅಂತಾರೆ."

ನೋವಿಗಿಂತ ಆ ಮಾತಿನ ಭಯವೇ ಅವಳಿಗೆ ಹೆಚ್ಚು. ನಿಯಮ ಬರೆದವರಿಗೆ ಇದು ಹೊಳೆದಿರಲಿಕ್ಕಿಲ್ಲ. ಕಣ್ಣು ಎಳೆಯುತ್ತಿದೆ. ಸಾಹಿತ್ಯದಲ್ಲಿ ಎಂ.ಎ. ಮಾಡಿ ಏನು ಬಂತು, ಆ ಕೋಚ್ ಎದುರು ನಿಂತರೆ ಒಂದು ಪೂರ್ತಿ ವಾಕ್ಯ ಹೊರಡುವುದಿಲ್ಲ.

ಆದರೂ ಬೆಳಿಗ್ಗೆ ಅಮ್ಮನಿಗೆ ಹೇಳಿ, ಕೋಚ್‌ಗೆ ನಾನೇ ಫೋನ್ ಮಾಡುತ್ತೇನೆ. ಅವಳು ಬರುತ್ತೇನೆಂದೇ ಅತ್ತಳು, ಅಕ್ಕ ಕಳಿಸಲಿಲ್ಲ ಎಂದು ಹುಡುಗಿಯರಿಗೆ ತಿಳಿಸಿ ಅನ್ನುತ್ತೇನೆ. ಬೈಯುವುದಿದ್ದರೆ ನನ್ನನ್ನು ಬೈದುಕೊಳ್ಳಲಿ.